ಮನೆಯ ಮೀಟರಿನಲ್ಲಿ ವಾಹನದ ಮೇವು

ನಮ್ಮ ಹಿರಿಯರ ಕಾಲದಲ್ಲಿ ಬಂಡಿಗೂ ಮನೆಗೂ ಲೆಕ್ಕವೊಂದೇ ಆಗಿತ್ತು. ಹಿತ್ತಲಿನ ಬಣವೆಯ ಕಣಿಕೆ, ಎತ್ತುಗಳ ಮುಂದಿಟ್ಟ ಹತ್ತಿಕಾಳು, ಹಿಂಡಿ, ಇವೆಲ್ಲವೂ ಮನೆಯ ಯಜಮಾನನ ಕಣ್ಣಳತೆಯೊಳಗೇ ಖರ್ಚಾಗುತ್ತಿದ್ದವು. ತರುವಾಯ ಪೆಟ್ರೋಲಿನ ವಾಹನಗಳು ಬಂದವು. ಅವುಗಳ ಮೇವು ಊರ ಹೊರಗಿನ ಬಂಕಿಗೆ ಸ್ಥಳಾಂತರಗೊಂಡಿತು. ವಾಹನ ಓಡಿಸುವವನು ತನ್ನ ಕಿಸೆಯಿಂದ ಹಣ ತೆತ್ತು ತುಂಬಿಸಿಕೊಂಡು ಬರುವುದಾಯಿತು. ಮನೆಯ ಖರ್ಚಿನ ಪುಸ್ತಕಕ್ಕೂ ಅದಕ್ಕೂ ಸಂಬಂಧ ಉಳಿಯಲಿಲ್ಲ. ಈಗ ವಿದ್ಯುತ್ ಕಾರುಗಳ ಕಾಲ ಬಂದಿದೆ. ಮೇವು ಮತ್ತೆ ಮನೆಗೇ ಮರಳಿದೆ. ಆದರೆ ಬಣವೆ ಕರಗುವುದು ಕಣ್ಣಿಗೆ ಕಾಣುತ್ತಿತ್ತು; ಮೀಟರಿನೊಳಗೆ ಏರುವ ಅಂಕಿಯಾದರೋ ತಿಂಗಳ ಕೊನೆಗೆ ಬಿಲ್ಲಾಗಿ ಬಾಗಿಲಿಗೆ ಬರುವವರೆಗೆ ಯಾರ ಗಮನಕ್ಕೂ ಬಾರದು.

ವಿದ್ಯುತ್ ಕಾರು ಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಇಂದು ಅನೇಕ ಮನೆಗಳಲ್ಲಿ ನಡೆದಿದೆ. ಅದರ ಬೆಲೆ, ರೂಪ, ವೇಗಗಳ ಬಗೆಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಮನೆಯಲ್ಲೇ ಅದಕ್ಕೆ ವಿದ್ಯುತ್ತು ತುಂಬಿಸುವುದರ ವೆಚ್ಚವೆಷ್ಟು, ಆ ವೆಚ್ಚ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನು ಕುಟುಂಬದವರೆಲ್ಲರೂ ಕುಳಿತು ಲೆಕ್ಕ ಹಾಕುವುದು ಮಾತ್ರ ಅಪರೂಪ. ಈ ಲೆಕ್ಕ ತಪ್ಪಿದಲ್ಲಿ ಹಣದ ಹಾನಿಗಿಂತ ಮನಸ್ಸುಗಳಿಗಾಗುವ ಹಾನಿಯೇ ದೊಡ್ಡದೆಂಬುದನ್ನು ನಾವು ಪ್ರತ್ಯಕ್ಷವಾಗಿ ಕಂಡೆವು. ಆ ಕಾರಣದಿಂದಲೇ ಈ ಲೇಖನ.

ಒಂದು ಮನೆಯ ಸಂಗತಿ

ಧಾರವಾಡದಲ್ಲಿ ನಮ್ಮ ನೆರೆಯಲ್ಲಿರುವವರು ಒಬ್ಬ ನಿವೃತ್ತ ಮಾಸ್ತರರು. ಪಿಂಚಣಿಯಲ್ಲಿ ಅಚ್ಚುಕಟ್ಟಾಗಿ ಸಂಸಾರ ನಡೆಸುವವರು. ಮನೆಯ ವಿದ್ಯುತ್ ಸಂಪರ್ಕ ಅವರ ಹೆಸರಿನಲ್ಲಿದೆ. ಮಗನಿಗೆ ಹುಬ್ಬಳ್ಳಿಯಲ್ಲಿ ಉದ್ಯೋಗ. ಹೋಗಲು ಇಪ್ಪತ್ತು, ಬರಲು ಇಪ್ಪತ್ತು, ಹೀಗೆ ದಿನಕ್ಕೆ 40 ಕಿಲೋಮೀಟರ್ ಪಯಣ. 2025ರಲ್ಲಿ ಆತ ಹಳೆಯ ಪೆಟ್ರೋಲ್ ಕಾರನ್ನು ಕೊಟ್ಟು ವಿದ್ಯುತ್ ಕಾರನ್ನು ತಂದನು. ಮಾರಿದವರು ಹೇಳಿದ ಮಾತು ಒಂದೇ: ಕಿಲೋಮೀಟರಿಗೆ ಒಂದು ರೂಪಾಯಿ ಖರ್ಚು. ಮನೆಯವರೆಲ್ಲರೂ ಹಿಗ್ಗಿದರು, ಕಾರಿಗೆ ಪೂಜೆಯಾಯಿತು, ಓಣಿಗೆಲ್ಲ ಪೇಢೆ ಹಂಚಿದ್ದಾಯಿತು.

ಮರುತಿಂಗಳು ಬಿಲ್ಲು ಬಂದಿತು. ಎರಡು ವರ್ಷಗಳಿಂದ ಆ ಮನೆಯ ಬಿಲ್ಲಿನ ಮೊತ್ತ ಸೊನ್ನೆ. ಈಗ ಎರಡು ಸಾವಿರದ ಮುನ್ನೂರ ಎಪ್ಪತ್ತಕ್ಕೂ ಮೇಲೆ! ಮಾಸ್ತರರು ಬಿಲ್ಲನ್ನು ಹಿಡಿದುಕೊಂಡೇ ನಮ್ಮಲ್ಲಿಗೆ ಬಂದರು. ಹಿಂದೆಯೇ ಮಗನೂ ಬಂದನು.

“ನೋಡ್ರಿ ಪಂಡಿತರ, ಒಂದು ಸಾವಿರ ಅಂದಿದ್ರು. ಇದೇನಿದು?” ಎಂದರು ಮಾಸ್ತರರು.

“ಅಪ್ಪಾ, ಪೆಟ್ರೋಲಿಗೆ ತಿಂಗಳಾ ಆರೇಳು ಸಾವಿರ ಹೋಗ್ತಿತ್ತು. ಎಷ್ಟು ಉಳೀತು ಲೆಕ್ಕಾ ಹಾಕ್ರಿ” ಎಂದು ಮಗ ಸಮಾಧಾನ ಹೇಳಿದನು.

“ಉಳದದ್ದು ನಿನ್ನ ಕಿಸೇದಾಗ ಉಳೀತು, ತಮ್ಮಾ. ಹೋದದ್ದು ನನ್ನ ಪೆನ್ಶನ್ನಿನಾಗ ಹೋತು.”

ಮಗ ಸುಮ್ಮನಾದನು. ಅವನು ಕೆಟ್ಟ ಮಗನಲ್ಲ. ಅವರೂ ಜಿಪುಣ ತಂದೆಯಲ್ಲ. ಪೆಟ್ರೋಲಿನ ಖರ್ಚು ಮಗನ ಸಂಬಳದಲ್ಲಿತ್ತು, ದೀಪದ ಖರ್ಚು ತಂದೆಯ ಪಿಂಚಣಿಯಲ್ಲಿತ್ತು. ಕಾರು ಬದಲಾದೊಡನೆ ಒಂದು ಚೀಲದ ಖರ್ಚು ಇನ್ನೊಂದು ಚೀಲಕ್ಕೆ ಸದ್ದಿಲ್ಲದೆ ಜಾರಿತ್ತು. ಅದನ್ನು ಯಾರೂ ಮೊದಲೇ ಆಲೋಚಿಸಿರಲಿಲ್ಲ. ಅಂದು ಸಂಜೆ ನಾವೆಲ್ಲರೂ ಪಡಸಾಲೆಯಲ್ಲಿ ಕುಳಿತು ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿದೆವು. ಅದನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕಾರು ಎಷ್ಟು ಯೂನಿಟ್ ಉಣ್ಣುತ್ತದೆ?

ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ನಡೆದಾಗ ತಗಲುವ ವಿದ್ಯುತ್ತು. ಸ್ನಾನದ ಮನೆಯ ಎರಡು ಸಾವಿರ ವ್ಯಾಟಿನ ಗೀಜರ್ ಒಂದು ಗಂಟೆ ಉರಿದರೆ ಎರಡು ಯೂನಿಟ್. ಕಾರಿನ ಬ್ಯಾಟರಿಯ ಅಳತೆಯೂ ಇದೇ ಮಾನದಲ್ಲಿರುತ್ತದೆ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್ ಹಿಡಿಯುವಂಥದು. 2022ರಲ್ಲಿ ಬಂದ ಟಿಯಾಗೊ ವಿದ್ಯುತ್ ಕಾರಿನಲ್ಲಿ 19.2 ಮತ್ತು 24 ಯೂನಿಟ್‌ಗಳ ಎರಡು ಬಗೆಗಳಿದ್ದವು.

ಆ ನೆಕ್ಸಾನ್ ಕಾರು ಒಮ್ಮೆ ತುಂಬಿಸಿದರೆ 312 ಕಿಲೋಮೀಟರ್ ಓಡುವುದೆಂದು ಪರೀಕ್ಷೆಯ ಪ್ರಮಾಣಪತ್ರ ಹೇಳುತ್ತಿತ್ತು. ಅದು ಪರೀಕ್ಷಾಗಾರದ ಮಾತು. ನಮ್ಮ ರಸ್ತೆ, ನಮ್ಮ ಬಿಸಿಲು, ಹವಾನಿಯಂತ್ರಣ, ನಾಲ್ಕು ಜನರ ಭಾರ ಇವೆಲ್ಲ ಸೇರಿದಾಗ ಇಂಥ ಗಾತ್ರದ ಕಾರುಗಳು ಒಂದು ಯೂನಿಟ್‌ಗೆ ಆರರಿಂದ ಎಂಟು ಕಿಲೋಮೀಟರ್ ಓಡುತ್ತವೆ. ನಾವು ನಡುವಿನ ಏಳನ್ನು ಹಿಡಿದೆವು.

ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ಗೋಡೆಯಿಂದ ಹೊರಟ ವಿದ್ಯುತ್ತೆಲ್ಲವೂ ಬ್ಯಾಟರಿಯನ್ನು ಸೇರುವುದಿಲ್ಲ. ಮನೆಗೆ ಬರುವುದು ಎ.ಸಿ. ವಿದ್ಯುತ್ತು, ಬ್ಯಾಟರಿ ಬೇಡುವುದು ಡಿ.ಸಿ. ಒಂದನ್ನು ಇನ್ನೊಂದನ್ನಾಗಿ ಮಾರ್ಪಡಿಸುವ ಯಂತ್ರ ಕಾರಿನೊಳಗಿದ್ದು, ಆ ಕಾರ್ಯದಲ್ಲಿ ಅದು ಬಿಸಿಯಾಗುತ್ತದೆ. ಆ ಬಿಸಿಯೂ ನಮ್ಮ ಹಣವೇ. ನೂರು ಯೂನಿಟ್ ಎಳೆದರೆ ಹತ್ತರಿಂದ ಹದಿನೈದು ಹೀಗೆ ದಾರಿಯಲ್ಲಿ ಕಳೆಯುತ್ತವೆ. ಕಾರಿನ ಪರದೆಯ ಮೇಲೆ ಕಾಣುವುದು ಬ್ಯಾಟರಿಯ ಲೆಕ್ಕ. ಬಿಲ್ಲಿನಲ್ಲಿ ಬರುವುದು ಮೀಟರಿನ ಲೆಕ್ಕ. ಎರಡಕ್ಕೂ ಇರುವ ಅಂತರವನ್ನು ಕಂಡು ಮೀಟರ್ ಕೆಟ್ಟಿದೆಯೆಂದು ದೂರು ಕೊಡಲು ಹೊರಡುವವರುಂಟು. ಕೆಟ್ಟಿರುವುದು ಮೀಟರಲ್ಲ, ನಮ್ಮ ಎಣಿಕೆ.

ಇನ್ನು ಲೆಕ್ಕ ಸುಲಭ. ತಿಂಗಳಿಗೆ 25 ದಿನ, ದಿನಕ್ಕೆ 40 ಕಿಲೋಮೀಟರ್, ಒಟ್ಟು 1,000. ಏಳರಿಂದ ಭಾಗಿಸಿದರೆ 143 ಯೂನಿಟ್ ಬ್ಯಾಟರಿಗೆ ಬೇಕು. ನೂರರಲ್ಲಿ ಹತ್ತು ಕಳೆಯುವುದೆಂದು ಹಿಡಿದರೆ ಮೀಟರ್ ತೋರಿಸುವುದು ಸುಮಾರು 160 ಯೂನಿಟ್.

ದರದ ಲೆಕ್ಕ

ಕರ್ನಾಟಕದಲ್ಲಿ ವಿದ್ಯುತ್ತಿನ ದರವನ್ನು ಗೊತ್ತುಪಡಿಸುವುದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2025-26ನೇ ಸಾಲಿಗೆ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡಾ 9 ವಿದ್ಯುತ್ ತೆರಿಗೆ. ಇದಲ್ಲದೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಉಪದಾನದ ಬಾಬ್ತು ಯೂನಿಟ್‌ಗೆ 36 ಪೈಸೆ. ಎಲ್ಲವೂ ಸೇರಿ ಒಂದು ಯೂನಿಟ್‌ಗೆ 6 ರೂಪಾಯಿ 68 ಪೈಸೆ ಆಗುತ್ತದೆ. ಇಂಧನ ಹೊಂದಾಣಿಕೆಯ ಮೊತ್ತ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅದನ್ನು ಇಲ್ಲಿ ಹಿಡಿದಿಲ್ಲ.

160 ಯೂನಿಟ್‌ಗೆ ಈ ದರದಲ್ಲಿ ಆಗುವುದು ಸುಮಾರು 1,070 ರೂಪಾಯಿ. ಸಾವಿರ ಕಿಲೋಮೀಟರಿಗೆ 1,070 ಎಂದರೆ ಕಿಲೋಮೀಟರಿಗೆ ಒಂದು ರೂಪಾಯಿ ಏಳು ಪೈಸೆ. ಹಾಗಾದರೆ ಮಾರಿದವರ ಮಾತು ಸುಳ್ಳಲ್ಲ. ಅದೇ ದೂರವನ್ನು ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನಲ್ಲಿ ಕ್ರಮಿಸಿದರೆ ಸುಮಾರು 67 ಲೀಟರ್ ಬೇಕು. 2025ರಲ್ಲಿ ರಾಜ್ಯದಲ್ಲಿ ಪೆಟ್ರೋಲ್ ಲೀಟರಿಗೆ 102 ರೂಪಾಯಿಗೂ ಮೇಲಿದ್ದುದರಿಂದ 6,800 ರೂಪಾಯಿಗಳಷ್ಟು ಖರ್ಚು. ಇವೆರಡರ ನಡುವಿನ ಅಂತರ ಅಜಗಜಾಂತರವೇ ಸರಿ.

ಹಾಗಿದ್ದಲ್ಲಿ ಮಾಸ್ತರರ ಬಿಲ್ಲಿನಲ್ಲಿ 1,070ರ ಬದಲು 2,370 ಬಂದುದೇಕೆ? ಅದಕ್ಕೆ ಉತ್ತರ ಕಾರಿನಲ್ಲಿಲ್ಲ, ಮನೆಯ ಬಿಲ್ಲಿನ ಸ್ವರೂಪದಲ್ಲಿದೆ.

ಇನ್ನೂರರ ಗೆರೆ

2023ರಲ್ಲಿ ರಾಜ್ಯದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಹುಪಾಲು ಓದುಗರಿಗೆ ಪರಿಚಿತ. 2022-23ರಲ್ಲಿ ಮನೆಯೊಂದು ಬಳಸಿದ ಸರಾಸರಿಗೆ ಶೇಕಡಾ 10 ಸೇರಿಸಿ ಆ ಮನೆಯ ಅರ್ಹತೆಯನ್ನು ಗೊತ್ತುಮಾಡಲಾಯಿತು. ಅರ್ಹತೆಯೊಳಗಿದ್ದರೆ ಬಿಲ್ಲು ಸೊನ್ನೆ. ಅರ್ಹತೆಯನ್ನು ಮೀರಿಯೂ 200 ಯೂನಿಟ್ ಒಳಗಿದ್ದರೆ ಮೀರಿದ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿತೋ, ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ತೆರಬೇಕು.

ಮಾಸ್ತರರ ಮನೆಯ ಸರಾಸರಿ 130 ಯೂನಿಟ್; ಅರ್ಹತೆ 143. ಕಾರಿನ 160 ಸೇರಿದಾಗ ಬಳಕೆ 290 ಆಯಿತು. ಇನ್ನೂರರ ಗೆರೆ ದಾಟಿದ್ದರಿಂದ ಕಾರಿನ ಯೂನಿಟ್‌ಗಳಿಗಷ್ಟೇ ಅಲ್ಲದೆ ಮನೆಯ ದೀಪ, ಫ್ಯಾನು, ಫ್ರಿಜ್‌ಗಳ 130 ಯೂನಿಟ್‌ಗಳಿಗೂ ಹಣ ಬಿದ್ದಿತು. 290 ಯೂನಿಟ್‌ಗೆ 1,682 ರೂಪಾಯಿ, ತೆರಿಗೆ 151, ಪಿಂಚಣಿಯ ಬಾಬ್ತು 104, ಮೂರು ಕಿಲೋವ್ಯಾಟ್ ಮಂಜೂರಾತಿಗೆ ತಲಾ 145 ರೂಪಾಯಿಯಂತೆ ನಿಗದಿತ ಶುಲ್ಕ 435. ಒಟ್ಟು 2,372 ರೂಪಾಯಿ. ಹಿಂದಿನ ತಿಂಗಳು ಸೊನ್ನೆ ಇದ್ದುದರಿಂದ ಇದಿಷ್ಟೂ ಕಾರು ತಂದ ಖರ್ಚೇ. ಆ ಮನೆಯ ಪಾಲಿಗೆ ಕಿಲೋಮೀಟರಿಗೆ ಒಂದು ರೂಪಾಯಿಯಲ್ಲ, ಎರಡು ರೂಪಾಯಿ ಮೂವತ್ತೇಳು ಪೈಸೆ.

ಆದಕಾರಣ ಒಂದೇ ಕಾರು ಒಂದೊಂದು ಮನೆಯಲ್ಲಿ ಒಂದೊಂದು ಬೆಲೆಗೆ ಓಡುತ್ತದೆಂಬುದನ್ನು ಅರಿಯಬೇಕು. ಮೊದಲಿನಿಂದಲೇ 200ಕ್ಕಿಂತ ಹೆಚ್ಚು ಬಳಸುವ ಮನೆಗೆ ಕಾರು ತರುವುದು ಅದರ 1,070 ರೂಪಾಯಿಯ ಭಾರ ಮಾತ್ರ. 130ರ ಮನೆಗೆ 2,370. 130ರದೇ ಇನ್ನೊಂದು ಮನೆಯಲ್ಲಿ ಕಾರು ತಿಂಗಳಿಗೆ 300 ಕಿಲೋಮೀಟರ್ ಮಾತ್ರ ಓಡಿದರೆ 48 ಯೂನಿಟ್ ಸಾಕು; ಒಟ್ಟು ಬಳಕೆ 178; ಅರ್ಹತೆಯನ್ನು ಮೀರಿದ 35 ಯೂನಿಟ್‌ಗಳಿಗೆ ಸುಮಾರು 235 ರೂಪಾಯಿ ಕೊಟ್ಟರಾಯಿತು. 180-190 ಯೂನಿಟ್ ಬಳಸುವ ಮನೆಯಾದರೋ ವಾರಕ್ಕೊಮ್ಮೆ ಕಾರು ಹೊರತೆಗೆದರೂ ಗೆರೆ ದಾಟುವ ಭಯವಿದೆ.

ಸ್ಕೂಟರ್ ಮಾತ್ರ ಇರುವ ಮನೆಗಳು ಇಷ್ಟು ಅಂಜಬೇಕಾಗಿಲ್ಲ. ವಿದ್ಯುತ್ ಸ್ಕೂಟರ್ ಒಂದು ಯೂನಿಟ್‌ಗೆ ಇಪ್ಪತ್ತೈದು ಕಿಲೋಮೀಟರ್ ಆದರೂ ಓಡುತ್ತದೆ. ತಿಂಗಳಿಗೆ 600 ಕಿಲೋಮೀಟರಿಗೆ ಇಪ್ಪತ್ತನಾಲ್ಕೇ ಯೂನಿಟ್.

ಗೋಡೆಯ ಪೆಟ್ಟಿಗೆ ಬೇಕೇ?

ಎರಡನೆಯ ಮರೆವು ನಿಗದಿತ ಶುಲ್ಕದ್ದು. ಕಾರಿನೊಡನೆ ಗೋಡೆಗೆ ಹಾಕುವ 7.2 ಕಿಲೋವ್ಯಾಟಿನ ಚಾರ್ಜರ್ ಪೆಟ್ಟಿಗೆಯನ್ನೂ ಕೊಡುವುದುಂಟು. ಬೇಗ ತುಂಬುತ್ತದೆಂಬ ಕಾರಣಕ್ಕೆ ಅನೇಕರು ಅದನ್ನು ಕೂಡಿಸಿಕೊಳ್ಳುತ್ತಾರೆ. ಆದರೆ ಅಷ್ಟು ವಿದ್ಯುತ್ತನ್ನು ಒಮ್ಮೆಲೇ ಎಳೆಯಬೇಕಾದರೆ ಮನೆಗೆ ಮಂಜೂರಾದ ಹೊರೆಯನ್ನೂ ಏರಿಸಬೇಕು. ಮೂರು ಕಿಲೋವ್ಯಾಟಿನಿಂದ ಹತ್ತಕ್ಕೆ ಏರಿಸಿದರೆ ಹೆಚ್ಚಿದ ಏಳಕ್ಕೆ ತಲಾ 145ರಂತೆ ತಿಂಗಳಿಗೆ 1,015 ರೂಪಾಯಿ ನಿಗದಿತ ಶುಲ್ಕ. ಕಾರು ಓಡಲಿ, ಮನೆಯ ಮುಂದೆ ನಿಂತಿರಲಿ, ಈ ಹಣ ತಪ್ಪದು. ಕಾರು ತಿನ್ನುವ ವಿದ್ಯುತ್ತಿಗೇ 1,070 ಆಗುವಾಗ, ಬೇಗ ತಿನ್ನಿಸುವ ಸೌಕರ್ಯಕ್ಕೆ ಇನ್ನೂ 1,015 ಕೊಟ್ಟಂತಾಯಿತು. ಇದಲ್ಲದೆ ಹೊರೆ ಏರಿಸುವಾಗ ಠೇವಣಿಯನ್ನೂ ಕಟ್ಟಬೇಕು. ಮೂರು ಫೇಸಿನ ಸಂಪರ್ಕವೂ ಬೇಕಾದೀತು.

ನಿಜವಾದ ಅಗತ್ಯವೆಷ್ಟೆಂಬುದನ್ನು ನೋಡೋಣ. ದಿನದ 40 ಕಿಲೋಮೀಟರಿಗೆ ಬೇಕಾದುದು ಆರೂವರೆ ಯೂನಿಟ್‌ಗೂ ಕಡಿಮೆ. 15 ಆಂಪಿಯರಿನ ಸಾದಾ ಸಾಕೆಟ್ ಗಂಟೆಗೆ ಸುಮಾರು ಮೂರು ಯೂನಿಟ್ ಕೊಡಬಲ್ಲದು. ಎರಡು ತಾಸಿನ ಮೇಲೆ ಸ್ವಲ್ಪ ಹೊತ್ತು ಸಾಕು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಏಳು ತಾಸು ಕಾರು ನಿಂತೇ ಇರುವಾಗ ಅವಸರವೇಕೆ? ಕಾರು ಮೂರು ಕಿಲೋವ್ಯಾಟ್ ಎಳೆಯುವ ವೇಳೆ ಗೀಜರ್, ಮೋಟಾರು, ಇಸ್ತ್ರಿಪೆಟ್ಟಿಗೆ ನಡೆಯದಂತೆ ನೋಡಿಕೊಳ್ಳಬೇಕು. ಫ್ರಿಜ್ಜು ಫ್ಯಾನುಗಳ ಸಲುವಾಗಿ ಮಂಜೂರಾತಿಯನ್ನು ಮೂರರಿಂದ ಐದಕ್ಕೆ ಏರಿಸಿಕೊಂಡರೂ ಹೆಚ್ಚುವುದು 290 ರೂಪಾಯಿ ಮಾತ್ರ.

ಇದು ನಮ್ಮ ನಾಡಿಗೆ ಹೊಸ ರೂಢಿಯೂ ಅಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಹಿರಿಯ ಓದುಗರು ಕಂಡಿರಬಹುದು. ಲಂಡನ್ನಿನ ಬೀದಿಗಳಲ್ಲಿ ಅದು ಜೀ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಸೀಸ ಮತ್ತು ಆಮ್ಲದ ಹಳೆಯ ಮಾದರಿಯ ಬ್ಯಾಟರಿಯ ಆ ಕಾರು ರಾತ್ರಿಯೆಲ್ಲ ಮನೆಯ 15 ಆಂಪಿಯರಿನ ಸಾಕೆಟ್ಟಿನಿಂದಲೇ ಮೇವು ತಿಂದು ಬೆಳಿಗ್ಗೆ ಹೊರಡುತ್ತಿತ್ತು. ಇಂದಿನ ಕಾರು ದೊಡ್ಡದಾಗಿದೆ, ಬ್ಯಾಟರಿ ಬದಲಾಗಿದೆ. ನಮ್ಮ ದಿನದ ಓಡಾಟ ಮಾತ್ರ ಬಹಳ ಮಟ್ಟಿಗೆ ಅಷ್ಟೇ ಇದೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ಸಾಕೆಟ್ ಸಾದಾ ಇರಬಹುದು, ವೈರು ಸಾದಾ ಇರಕೂಡದು. ಹಳೆಯ ಮನೆಗಳಲ್ಲಿ ದೀಪ ಫ್ಯಾನುಗಳಿಗಾಗಿ ಎಳೆದ ಸಣ್ಣ ವೈರಿನ ಮೇಲೆ ತಾಸುಗಟ್ಟಲೆ ಇಷ್ಟು ಹೊರೆ ಹಾಕಿದರೆ ಅದು ಕಾದು ಬೆಂಕಿಗೆ ದಾರಿಯಾದೀತು. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ ದಪ್ಪನೆಯ ತಾಮ್ರದ ಪ್ರತ್ಯೇಕ ವೈರು, ಅದಕ್ಕೆ ಪ್ರತ್ಯೇಕ ಎಂ.ಸಿ.ಬಿ., ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ., ಸರಿಯಾದ ಅರ್ಥಿಂಗ್ ಈ ನಾಲ್ಕನ್ನೂ ಪರವಾನಗಿಯುಳ್ಳ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರನ್ನು ಇಳಿಬಿಟ್ಟು ಕಾರಿಗೆ ಚುಚ್ಚುವ ಪದ್ಧತಿಯನ್ನು ನಾವು ಹಲವು ಕಡೆ ಕಂಡಿದ್ದೇವೆ. ಮಕ್ಕಳು ಆಡುವ ಅಂಗಳದಲ್ಲಿ ಅದು ಸಲ್ಲದು. ಈ ಖರ್ಚು ಒಮ್ಮೆ ಮಾತ್ರ ಬರುವಂಥದು. ಉಳಿತಾಯದ ಹೆಸರಿನಲ್ಲಿ ಇದರಲ್ಲಿ ಕೈ ಬಿಗಿಹಿಡಿಯುವುದು ಜಾಣತನವಲ್ಲ.

ಮನೆಯ ಮೀಟರೋ, ಬೇರೆ ಮೀಟರೋ?

ಮನೆಯ ಸಂಪರ್ಕದಿಂದ ಕಾರಿಗೆ ವಿದ್ಯುತ್ತು ತುಂಬಿಸುವುದು ಕಾನೂನಿಗೆ ವಿರುದ್ಧವೇ ಎಂದು ಕೆಲವರು ಕೇಳುತ್ತಾರೆ. ವಿರುದ್ಧವಲ್ಲ. 2022ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮನೆ ಮತ್ತು ಕಚೇರಿಗಳಲ್ಲಿ ಈಗಿರುವ ಸಂಪರ್ಕದಿಂದಲೇ ವಾಹನಕ್ಕೆ ವಿದ್ಯುತ್ತು ತುಂಬಿಸಿಕೊಳ್ಳಬಹುದೆಂದು ಸ್ಪಷ್ಟಪಡಿಸಲಾಗಿದೆ.

ಇದಲ್ಲದೆ ವಾಹನಗಳಿಗೆಂದೇ ಬೇರೆ ಸಂಪರ್ಕ, ಬೇರೆ ಮೀಟರ್ ಪಡೆಯುವ ಹಾದಿಯೂ ಉಂಟು. ವಿದ್ಯುತ್ ವಾಹನಗಳಿಗೆ ಪ್ರತ್ಯೇಕ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ. ಇಲ್ಲಿ ವಾಹನ ಚಾರ್ಜಿಂಗಿಗೆ ದರಪಟ್ಟಿಯಲ್ಲಿಯೂ ಪ್ರತ್ಯೇಕ ವರ್ಗವಿದೆ. ಕಾರಿನ ಯೂನಿಟ್‌ಗಳು ಬೇರೆ ಮೀಟರಿನಲ್ಲಿ ಎಣಿಕೆಯಾದರೆ ಮನೆಯ ಮೀಟರಿನ ಅಂಕಿ ಅದರಿಂದ ಉಬ್ಬುವುದಿಲ್ಲ. ಆದರೆ ಎರಡನೆಯ ಸಂಪರ್ಕಕ್ಕೆ ಅದರದೇ ಠೇವಣಿ, ಅದರದೇ ನಿಗದಿತ ಶುಲ್ಕ ಇರುತ್ತವೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವವರಿಗೆ ಇದು ಲಾಭವಾದೀತು. ಮುನ್ನೂರು ಓಡುವವರಿಗೆ ಆಗದಿರಬಹುದು. ತಮ್ಮ ಉಪವಿಭಾಗದ ವಿದ್ಯುತ್ ಕಚೇರಿಗೆ ಹೋಗಿ ದರ, ಠೇವಣಿ, ಗೃಹಜ್ಯೋತಿಯ ಅರ್ಹತೆ ಈ ಮೂರನ್ನೂ ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆದ ಮೇಲೆ ನಿರ್ಧರಿಸುವುದು ಒಳ್ಳೆಯದು.

ಬಾಡಿಗೆ ಮನೆಯವರು ಸಾಕೆಟ್ ಹಾಕಿಸುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಲಿ. ಅಪಾರ್ಟ್‌ಮೆಂಟಿನವರು ಸಾಮಾನ್ಯ ಮೀಟರಿನಿಂದ ವಿದ್ಯುತ್ತು ಎಳೆಯದೆ, ತಮ್ಮ ಬಳಕೆ ತಮ್ಮ ಮೀಟರಿನಲ್ಲಿಯೇ ಬರುವಂತೆ ವ್ಯವಸ್ಥೆ ಮಾಡಿಕೊಳ್ಳಲಿ. ಒಬ್ಬರ ಕಾರಿನ ಮೇವು ಇಪ್ಪತ್ತು ಮನೆಗಳಿಗೆ ಹಂಚಿಹೋದರೆ ಜಗಳ ತಪ್ಪದು.

ಊರ ಹೊರಗೆ ಹೋದಾಗ ಹೆದ್ದಾರಿಯ ವೇಗದ ಚಾರ್ಜಿಂಗ್ ಕೇಂದ್ರಗಳನ್ನು ಆಶ್ರಯಿಸಬೇಕಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಮನೆಯ ದರದ ಎರಡು-ಮೂರು ಪಟ್ಟು ಕೊಡಬೇಕು. ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಉಂಟು. ಮನೆಯಲ್ಲಿ ತುಂಬಿಸುವ ಅನುಕೂಲವಿಲ್ಲದೆ ಇಂಥ ಕೇಂದ್ರಗಳನ್ನೇ ನೆಚ್ಚಿದವರಿಗೆ ಪೆಟ್ರೋಲಿಗೂ ವಿದ್ಯುತ್ತಿಗೂ ಇರುವ ಅಂತರ ಬಹಳಷ್ಟು ಕುಗ್ಗುತ್ತದೆ. ಆದ್ದರಿಂದ ರಾತ್ರಿ ಕಾರು ನಿಲ್ಲಿಸಲು ಸ್ವಂತ ಜಾಗವಿಲ್ಲದವರು ಇದನ್ನು ಮೊದಲೇ ಆಲೋಚಿಸಬೇಕು.

ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿದರೆ ಹೇಗೆಂದು ಮಾಸ್ತರರ ಸೊಸೆ ಕೇಳಿದಳು. ಉತ್ತಮ ಪ್ರಶ್ನೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಒಂದೂವರೆ ಕಿಲೋವ್ಯಾಟ್ ಕಾರಿನ ಪಾಲಿಗೆ ಸಾಕು. ಕಾರು ಹಗಲು ಹುಬ್ಬಳ್ಳಿಯಲ್ಲಿದ್ದು ರಾತ್ರಿ ಮನೆಗೆ ಬರುವುದರಿಂದ, ಹಗಲು ಹುಟ್ಟಿದ ವಿದ್ಯುತ್ತನ್ನು ಲೈನಿಗೆ ಕೊಟ್ಟು ರಾತ್ರಿ ಹಿಂಪಡೆಯುವ ನೆಟ್ ಮೀಟರ್ ವ್ಯವಸ್ಥೆ ಬೇಕಾಗುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿನವರೆಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಗಿದೆ. ಆದರೆ ಕಾರಿಗೆ ಮಾಡಿದ ಸಾಲ ತೀರುವ ಮೊದಲೇ ಫಲಕಕ್ಕೆ ಸಾಲ ಮಾಡುವುದು ಬೇಡವೆಂದು ಮಾಸ್ತರರ ಮನೆಯಾಕೆ ಹೇಳಿದರು. ಆ ಮಾತೂ ಸರಿಯಾದುದೇ.

ಪುಸ್ತಕ ತೆರೆದ ಮೇಲೆ

ಲೆಕ್ಕ ಮುಗಿದಾಗ ರಾತ್ರಿ ಒಂಬತ್ತು ದಾಟಿತ್ತು. ಕಾಗದದ ಮೇಲೆ ಎರಡು ಅಂಕಿಗಳು ಉಳಿದಿದ್ದವು. ಪೆಟ್ರೋಲಿನಲ್ಲಿ 6,800, ವಿದ್ಯುತ್ತಿನಲ್ಲಿ 2,372. ಸೊನ್ನೆ ಬಿಲ್ಲು ಹೋದ ನಷ್ಟವನ್ನೂ ಹಿಡಿದರೂ ತಿಂಗಳಿಗೆ 4,400 ರೂಪಾಯಿ, ವರ್ಷಕ್ಕೆ 53,000 ರೂಪಾಯಿ ಆ ಮನೆಗೆ ಉಳಿಯುತ್ತದೆ. ಮನೆಯೆಂಬುದು ಒಂದೇ ಚೀಲವಾಗಿದ್ದಲ್ಲಿ ಇದು ಸಂತೋಷದ ಸಂಗತಿ. ಚೀಲಗಳು ಎರಡಾಗಿರುವುದರಿಂದಲೇ ತೊಡಕು.

ಮಗನೇ ಮಾತು ತೆಗೆದನು. “ಅಪ್ಪಾ, ಇನ್ನ ಮ್ಯಾಲೆ ಲೈಟ್ ಬಿಲ್ಲು ನಂದು.”

“ಪೂರಾ ಯಾಕ? ಕಾರಿಂದಷ್ಟು ನೀ ಕೊಡು. ಮನೀದು ನಾ ಕೊಡ್ತೀನಿ” ಎಂದರು ಮಾಸ್ತರರು.

“ಕಾರು ಇರದಿದ್ರ ಮನೀದೂ ಬರ್ತಿದ್ದಿಲ್ಲಲ್ಲರೀ ಮಾವಾರ” ಎಂದು ಸೊಸೆ ಮೆಲ್ಲಗೆ ಹೇಳಿದಳು.

ಆಕೆ ಹೇಳಿದುದರಲ್ಲಿ ಸತ್ಯವಿತ್ತು. ಆ 130 ಯೂನಿಟ್‌ಗಳಿಗೆ ಹಣ ಬಿದ್ದುದು ಕಾರಿನ ನಿಮಿತ್ತ. ಮಾಸ್ತರರು ಸ್ವಲ್ಪ ಹೊತ್ತು ಬಿಲ್ಲನ್ನೇ ನೋಡುತ್ತಿದ್ದು ಅದನ್ನು ಮಗನ ಕೈಗಿತ್ತರು. ಮರುವಾರವೇ ಕಾರಿನ ಸಾಕೆಟ್ಟಿಗೆ ಸಣ್ಣ ಉಪಮೀಟರೊಂದನ್ನು ಕೂಡಿಸಲಾಯಿತು. ಪ್ರತಿ ತಿಂಗಳ ಒಂದನೆಯ ತಾರೀಖು ಉಪಮೀಟರಿನ ಅಂಕಿಯನ್ನೂ ಕಾರು ಓಡಿದ ದೂರವನ್ನೂ ಸೊಸೆ ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಮೂರು ತಿಂಗಳ ಬರೆಹವನ್ನು ಆಕೆ ನಮಗೆ ತೋರಿಸಿದಳು. ನಮ್ಮ 160ರ ಅಂದಾಜು ಒಂದು ತಿಂಗಳು ಹತ್ತು ಹೆಚ್ಚಾಗಿತ್ತು, ಒಂದು ತಿಂಗಳು ಎಂಟು ಕಡಿಮೆಯಾಗಿತ್ತು. ಬೇರೆ ಮೀಟರಿನ ಬಗೆಗೆ ಮಗ ಕಚೇರಿಯಲ್ಲಿ ವಿಚಾರಿಸಿ ಬಂದಿದ್ದಾನೆ. ಆರು ತಿಂಗಳ ಲೆಕ್ಕ ಕೂಡಿದ ಮೇಲೆ ನಿರ್ಧರಿಸುವುದಾಗಿ ಅವರ ಯೋಚನೆ.

ಓದುಗರಲ್ಲಿ ಯಾರಾದರೂ ವಿದ್ಯುತ್ ಕಾರು ಕೊಳ್ಳುವ ಆಲೋಚನೆಯಲ್ಲಿದ್ದರೆ ಅಂಗಡಿಗೆ ಹೋಗುವ ಮುನ್ನ ಮನೆಯ ಕಳೆದ ತಿಂಗಳ ಬಿಲ್ಲನ್ನು ಹೊರತೆಗೆಯಲಿ. ಅದರಲ್ಲಿ ಮೂರು ಅಂಕಿಗಳನ್ನು ನೋಡಲಿ: ಮಂಜೂರಾದ ಹೊರೆ ಎಷ್ಟು, ಬಳಸಿದ ಯೂನಿಟ್ ಎಷ್ಟು, ಗೃಹಜ್ಯೋತಿಯ ಅರ್ಹತೆ ಎಷ್ಟು. ತಿಂಗಳಿಗೆ ಓಡುವ ಕಿಲೋಮೀಟರನ್ನು ಆರೂಕಾಲರಿಂದ ಭಾಗಿಸಿ ಬಂದ ಯೂನಿಟ್‌ಗಳನ್ನು ಅದಕ್ಕೆ ಸೇರಿಸಿ, ಮೊತ್ತ ಇನ್ನೂರರ ಯಾವ ಮಗ್ಗುಲಿಗೆ ನಿಲ್ಲುತ್ತದೆಂದು ನೋಡಲಿ. ದರಗಳು ವರ್ಷವರ್ಷಕ್ಕೂ ಬದಲಾಗುವಂಥವು. ನಾವು ಕೊಟ್ಟ ಅಂಕಿಯ ಜಾಗದಲ್ಲಿ ತಮ್ಮ ಬಿಲ್ಲಿನ ಅಂಕಿಯನ್ನಿಟ್ಟುಕೊಂಡರೆ ಲೆಕ್ಕದ ಕ್ರಮ ಇದೇ ಉಳಿಯುತ್ತದೆ. ಕೊನೆಗೆ, ಬಿಲ್ಲು ಯಾರ ಹೆಸರಿಗೆ ಬರುತ್ತದೆ, ಹಣ ಯಾರು ಕಟ್ಟುತ್ತಾರೆ ಎಂಬುದನ್ನು ಹಿರಿಯರನ್ನು ಕೂರಿಸಿಕೊಂಡು ಮೊದಲೇ ಮಾತನಾಡಿಕೊಳ್ಳಲಿ. ಪೇಢೆ ಹಂಚುವುದು ಆ ಮೇಲಾಗಲಿ.